ಅರವತ್ತು ಸಾವಿರ ಪಿಂಚಣಿ, ಚಿಯಾಂಗ್ ಮಾಯ್‌ನಲ್ಲಿ ವಾಸ: ಲೆಕ್ಕ ಕೂಡುವುದೆಲ್ಲಿ, ತಪ್ಪುವುದೆಲ್ಲಿ

ನಿವೃತ್ತಿಯಾದ ಮೇಲೆ ಥಾಯ್ಲೆಂಡಿನಲ್ಲಿ ಹೋಗಿ ಇರಬಹುದೇ ಎಂದು ಕೇಳುವವರು ಈಚೆಗೆ ಹೆಚ್ಚಾಗಿದ್ದಾರೆ. ಎಲ್ಲರ ಲೆಕ್ಕವೂ ಮನೆ ಬಾಡಿಗೆಯಿಂದ ಶುರುವಾಗುತ್ತದೆ. ಅಲ್ಲಿನ ಉತ್ತರ ಭಾಗದ ಚಿಯಾಂಗ್ ಮಾಯ್ ನಗರದಲ್ಲಿ ಬಾಡಿಗೆ ಎಷ್ಟು, ತರಕಾರಿ ಎಷ್ಟು, ಕರೆಂಟ್ ಬಿಲ್ ಎಷ್ಟು ಎಂದು ಕೂಡಿಸಿ, ಬೆಂಗಳೂರಿಗಿಂತ ಅಗ್ಗ ಎಂಬ ತೀರ್ಮಾನಕ್ಕೆ ಬರುತ್ತಾರೆ. ಆ ಪಟ್ಟಿಯಲ್ಲಿ ದೊಡ್ಡ ತಪ್ಪೇನೂ ಇರುವುದಿಲ್ಲ. ಆದರೆ ತೀರ್ಮಾನ ಮಾಡಬೇಕಾದ ಮೊತ್ತಗಳು ಆ ಪಟ್ಟಿಯಲ್ಲೇ ಇಲ್ಲ: ವೀಸಾಕ್ಕಾಗಿ ಬ್ಯಾಂಕಿನಲ್ಲಿ ಸುಮ್ಮನೆ ಕೂರುವ ಹಣ, ಭಾರತದ ನಿವಾಸಿ ಅಲ್ಲದಾಗ ಕಟ್ಟಬೇಕಾಗುವ ತೆರಿಗೆ, ಮತ್ತು ಥಾಯ್ಲೆಂಡಿನ ನಾಣ್ಯವಾದ ಬಾತ್ ಎದುರು ವರ್ಷವರ್ಷ ಇಳಿಯುವ ರೂಪಾಯಿ. ಈ ಮೂರನ್ನೂ ಸೇರಿಸಿದ ಮೇಲೆ ಯಾರಿಗೆ ಲೆಕ್ಕ ಕೂಡುತ್ತದೆ, ಯಾರಿಗೆ ಕೂಡುವುದಿಲ್ಲ ಎಂಬುದನ್ನು ಇಲ್ಲಿ ಬಿಡಿಸಿ ಬರೆಯುತ್ತೇನೆ. ಉದ್ದಕ್ಕೂ 1 ಬಾತ್‌ಗೆ 2.80 ರೂ. ಎಂದು ಹಿಡಿದಿದ್ದೇನೆ.

ಮೊದಲು ವೀಸಾ. 50 ವರ್ಷ ದಾಟಿದವರಿಗೆ ಥಾಯ್ಲೆಂಡಿನಲ್ಲಿ ನಿವೃತ್ತಿ ವಾಸಕ್ಕೆ ಎರಡು ದಾರಿಗಳಿವೆ. ಒಂದು, ತಿಂಗಳಿಗೆ 65,000 ಬಾತ್ ಆದಾಯ ತೋರಿಸುವುದು. ನಮ್ಮ ದುಡ್ಡಲ್ಲಿ ಅದು 1.82 ಲಕ್ಷ ರೂ. ಸಾಧಾರಣ ಪಿಂಚಣಿದಾರರು ಆ ದಾರಿಯನ್ನು ಮರೆಯುವುದೇ ಸರಿ. ಇನ್ನೊಂದು, ಥಾಯ್ ಬ್ಯಾಂಕಿನಲ್ಲಿ ನಿಮ್ಮೊಬ್ಬರ ಹೆಸರಿನಲ್ಲಿ 8 ಲಕ್ಷ ಬಾತ್ ಇಡುವುದು. ಅಂದರೆ 22.4 ಲಕ್ಷ ರೂ. ಎರಡನ್ನೂ ಬೆರೆಸಿ, ವರ್ಷದ ಆದಾಯ ಮತ್ತು ಠೇವಣಿ ಸೇರಿ 8 ಲಕ್ಷ ಬಾತ್ ತೋರಿಸುವ ದಾರಿ ಕಾಗದದ ಮೇಲೆ ಇದೆ. ಆದರೆ ಆದಾಯದ ಪುರಾವೆಯನ್ನು ಯಾವ ರೂಪದಲ್ಲಿ ಒಪ್ಪುತ್ತಾರೆ ಎಂಬುದು ಇಮಿಗ್ರೇಷನ್ ಕಚೇರಿಯಿಂದ ಕಚೇರಿಗೆ ಬೇರೆ. ಅದನ್ನು ನಂಬಿಕೊಂಡು ಮನೆ ಖಾಲಿ ಮಾಡಿ ಹೊರಡುವುದು ಬೇಡ.

ವೀಸಾದ ಹೆಸರಿನಲ್ಲೂ ಎಚ್ಚರ ಬೇಕು. ‘ಓ-ಎ’ ಎಂಬ ವೀಸಾ ಒಂದು ವರ್ಷದ್ದು. ಅದನ್ನು ನಮ್ಮ ದೇಶದಲ್ಲೇ ಪಡೆದು ಹೋಗಬಹುದು. ಆದರೆ ಅದಕ್ಕೆ 30 ಲಕ್ಷ ಬಾತ್ ಮೊತ್ತದ ಆರೋಗ್ಯ ವಿಮೆ ಕಡ್ಡಾಯ, ಮುಂದಿನ ನವೀಕರಣಗಳಲ್ಲೂ ವಿಮೆ ತೋರಿಸಬೇಕು. 68 ವರ್ಷದ, ಬಿಪಿ ಮತ್ತು ಸಕ್ಕರೆ ಕಾಯಿಲೆ ಇರುವವರಿಗೆ ಅಂಥ ವಿಮೆ ಸಿಗುವುದೇ ಕಷ್ಟ, ಸಿಕ್ಕರೂ ಕಂತು ಪಿಂಚಣಿಯನ್ನು ನುಂಗುತ್ತದೆ. ಬರೀ ‘ಓ’ ವೀಸಾ 90 ದಿನದ್ದು. ಅದರಲ್ಲಿ ಹೋಗಿ, ಅಲ್ಲಿಯೇ ಒಂದು ವರ್ಷಕ್ಕೆ ವಿಸ್ತರಿಸಿಕೊಳ್ಳಬೇಕು. ಆ ವಿಸ್ತರಣೆಗೆ ವಿಮೆ ಕೇಳುವುದಿಲ್ಲ. ಕಡಿಮೆ ಪಿಂಚಣಿಯವರಿಗೆ ‘ಓ’ ದಾರಿಯೇ ಸರಿ ಎಂಬುದು ನನ್ನ ಅಭಿಪ್ರಾಯ.

ಈ 90 ದಿನಗಳ ಲೆಕ್ಕದಲ್ಲಿಯೇ ಹೆಚ್ಚಿನವರು ಎಡವುತ್ತಾರೆ. ವಿಸ್ತರಣೆಗೆ ಅರ್ಜಿ ಹಾಕುವ ದಿನಕ್ಕೆ 8 ಲಕ್ಷ ಬಾತ್ ಖಾತೆಯಲ್ಲಿ ಪೂರ್ತಿ ಎರಡು ತಿಂಗಳು ಇದ್ದಿರಬೇಕು. 90ರಲ್ಲಿ 60 ಕಳೆದರೆ ಉಳಿಯುವುದು 30 ದಿನ. ಆ 30 ದಿನದೊಳಗೆ ಮನೆ ಹಿಡಿಯಬೇಕು, ಮಾಲೀಕರಿಂದ ಟಿಎಂ 30 ಎಂಬ ವಾಸದ ಸೂಚನೆ ಹಾಕಿಸಬೇಕು, ಇಮಿಗ್ರೇಷನ್ನಿನಿಂದ ವಿಳಾಸದ ಪತ್ರ ತರಬೇಕು, ಬ್ಯಾಂಕ್ ಖಾತೆ ತೆರೆಯಬೇಕು, ಭಾರತದಿಂದ ಹಣ ಬಂದು ಸೇರಬೇಕು. ಕೊನೆಯ ಐದಾರು ದಿನ ಕೈಯಲ್ಲಿ ಇರಲೇಬೇಕಾದ್ದರಿಂದ ನಿಜಕ್ಕೂ ಸಿಗುವುದು 24-25 ದಿನ. ಥಾಯ್ ಹೊಸವರ್ಷದ ಸಾಂಗ್‌ಕ್ರಾನ್ ಹಬ್ಬದ ಏಪ್ರಿಲ್ ನಡುವಿನ ವಾರ ಕಚೇರಿಗಳು ಮುಚ್ಚಿರುತ್ತವೆ, ಆಗ ಹೋದರೆ ಇನ್ನೂ ಕಷ್ಟ. ಮಾಲೀಕರು ಟಿಎಂ 30 ಹಾಕದಿದ್ದರೆ ಮುಂದಿನ ಯಾವ ಕೆಲಸವೂ ನಡೆಯುವುದಿಲ್ಲ. ಹಾಗಾಗಿ ಮನೆ ನೋಡಲು ಹೋದಾಗ ಬಾಡಿಗೆ ಕೇಳುವ ಮುಂಚೆ ‘ಟಿಎಂ 30 ಹಾಕಿಕೊಡುತ್ತೀರಾ’ ಎಂದು ಕೇಳಿ.

ವಿಸ್ತರಣೆ ಸಿಕ್ಕಿತು ಎಂದು ಹಣ ತೆಗೆಯುವಂತಿಲ್ಲ. ಮುಂದಿನ ಮೂರು ತಿಂಗಳು 8 ಲಕ್ಷ ಹಾಗೆಯೇ ಇರಬೇಕು, ಆಮೇಲೆ ವರ್ಷದುದ್ದಕ್ಕೂ 4 ಲಕ್ಷಕ್ಕಿಂತ ಕೆಳಗೆ ಇಳಿಯಬಾರದು, ಮುಂದಿನ ಅರ್ಜಿಗೆ ಎರಡು ತಿಂಗಳು ಮುಂಚೆ ಮತ್ತೆ 8 ಲಕ್ಷ ಆಗಿರಬೇಕು. ಅರ್ಜಿಯ ದಿನವೇ ಬ್ಯಾಂಕಿಗೆ ಹೋಗಿ ಪಾಸ್‌ಬುಕ್ ನಮೂದು ಮಾಡಿಸಿ, ಅದೇ ದಿನಾಂಕದ ಬ್ಯಾಂಕ್ ಪತ್ರ ಪಡೆದು, ಪಾಸ್‌ಬುಕ್ಕಿನ ಪ್ರತಿ ಪುಟದ ನಕಲಿಗೂ ಸಹಿ ಹಾಕಿ ಕೊಡಬೇಕು. ಹಿಂದಿನ ದಿನದ ಪತ್ರ ಒಯ್ದವರನ್ನು ವಾಪಸ್ ಕಳಿಸುವುದುಂಟು. ವಿಸ್ತರಣೆಯ ಶುಲ್ಕ 1,900 ಬಾತ್. ನಡುವೆ ಊರಿಗೆ ಬಂದು ಹೋಗುವುದಾದರೆ ಮರುಪ್ರವೇಶ ಪರವಾನಗಿ ಬೇಕು: ಒಂದು ಸಲಕ್ಕೆ 1,000, ಹಲವು ಸಲಕ್ಕೆ 3,800 ಬಾತ್. ಇದನ್ನು ಮಾಡಿಸದೆ ವಿಮಾನ ಹತ್ತಿದರೆ ವರ್ಷದ ವಿಸ್ತರಣೆಯೇ ರದ್ದಾಗುತ್ತದೆ, ಎಲ್ಲವನ್ನೂ ಮೊದಲಿನಿಂದ ಮಾಡಬೇಕು. ಪ್ರತಿ 90 ದಿನಕ್ಕೊಮ್ಮೆ ಟಿಎಂ 47 ನಮೂನೆಯಲ್ಲಿ ವಿಳಾಸ ತಿಳಿಸಬೇಕು, ಗಡುವಿಗೆ 15 ದಿನ ಮುಂಚಿನಿಂದ 7 ದಿನ ನಂತರದವರೆಗೆ ಅವಕಾಶವಿದೆ. ತಪ್ಪಿದರೆ 2,000 ಬಾತ್ ದಂಡ.

ಈಗ ಆ 22.4 ಲಕ್ಷದ ನಿಜವಾದ ಬೆಲೆ. ಹಣ ಎಲ್ಲೂ ಹೋಗುವುದಿಲ್ಲ, ಬ್ಯಾಂಕಿನಲ್ಲೇ ಇರುತ್ತದೆ ಎಂದು ಅದನ್ನು ಖರ್ಚಿನ ಪಟ್ಟಿಗೆ ಸೇರಿಸದವರೇ ಹೆಚ್ಚು. ಅದೇ ಹಣ ಇಲ್ಲಿ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿದ್ದರೆ 8.2% ಬಡ್ಡಿಯಲ್ಲಿ ವರ್ಷಕ್ಕೆ 1,83,680 ರೂ., ತಿಂಗಳಿಗೆ 15,300 ರೂ. ಬರುತ್ತಿತ್ತು. ಥಾಯ್ ಬ್ಯಾಂಕಿನ ಉಳಿತಾಯ ಖಾತೆಯಲ್ಲಿ ಅದರ ಬಡ್ಡಿ ಶೇಕಡಾ ಒಂದನ್ನೂ ಮುಟ್ಟುವುದಿಲ್ಲ. ಹಾಗಾಗಿ ತಿಂಗಳ ಖರ್ಚಿನಲ್ಲಿ ‘ವೀಸಾ ಠೇವಣಿ: 15,300 ರೂ.’ ಎಂದು ಬರೆದೇ ಬಿಡಿ. ಮನೆ ಬಾಡಿಗೆಯ ನಂತರದ ದೊಡ್ಡ ಖರ್ಚುಗಳಲ್ಲಿ ಇದೂ ಒಂದು. ಸಮಾಧಾನದ ವಿಷಯವೆಂದರೆ ಹಣ ಸುರಕ್ಷಿತ. ಥಾಯ್ಲೆಂಡಿನ ಠೇವಣಿ ರಕ್ಷಣೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 10 ಲಕ್ಷ ಬಾತ್‌ವರೆಗೆ ಇದೆ.

ಈ ಹಣ ಕಳಿಸುವ ಸಮಯವನ್ನು ಸರಿಯಾಗಿ ಆರಿಸಿಕೊಂಡರೆ ಒಳ್ಳೆಯ ಮೊತ್ತ ಕೈಯಲ್ಲೇ ಉಳಿಯುತ್ತದೆ. ರಿಸರ್ವ್ ಬ್ಯಾಂಕಿನ ಉದಾರೀಕೃತ ರವಾನೆ ಯೋಜನೆಯಡಿ ನಿವಾಸಿಯೊಬ್ಬರು ಒಂದು ಹಣಕಾಸು ವರ್ಷದಲ್ಲಿ 2.5 ಲಕ್ಷ ಡಾಲರ್ ಕಳಿಸಬಹುದು. ನಮ್ಮ ಮೊತ್ತಕ್ಕೆ ಆ ಮಿತಿ ಅಡ್ಡ ಬರುವುದಿಲ್ಲ. ಅಡ್ಡ ಬರುವುದು ಟಿಸಿಎಸ್, ಅಂದರೆ ಹಣ ಕಳಿಸುವಾಗಲೇ ಬ್ಯಾಂಕು ಮುಂಗಡವಾಗಿ ಹಿಡಿಯುವ ತೆರಿಗೆ. 2025ರ ಏಪ್ರಿಲ್‌ನಿಂದ ವರ್ಷಕ್ಕೆ 10 ಲಕ್ಷ ರೂ. ಮೀರಿದ ರವಾನೆಗೆ ಬ್ಯಾಂಕು 20% ಹಿಡಿಯುತ್ತದೆ (ಶಿಕ್ಷಣ, ಚಿಕಿತ್ಸೆಗೆ ದರ ಬೇರೆ). 22.4 ಲಕ್ಷವನ್ನು ಒಂದೇ ಸಲ ಕಳಿಸಿದರೆ 12.4 ಲಕ್ಷದ ಮೇಲೆ 2.48 ಲಕ್ಷ ರೂ. ಹೋಗುತ್ತದೆ. ಅದು ತೆರಿಗೆ ರಿಟರ್ನ್‌ನಲ್ಲಿ ವಾಪಸ್ ಬರುವ ಹಣವೇ, ಆದರೆ ಬರಲು ಒಂದು ವರ್ಷವೂ ಆಗಬಹುದು. ಅದೇ ಮೊತ್ತವನ್ನು ಮಾರ್ಚ್ ಕೊನೆಯಲ್ಲಿ 10 ಲಕ್ಷ, ಏಪ್ರಿಲ್ ಮೊದಲ ವಾರದಲ್ಲಿ 10 ಲಕ್ಷ ಎಂದು ಒಡೆದು, ಉಳಿದ 2.4 ಲಕ್ಷವನ್ನು ಪತ್ನಿಯ ಅಥವಾ ಪತಿಯ ಪ್ಯಾನ್ ಮೇಲೆ ಕಳಿಸಿದರೆ ಟಿಸಿಎಸ್ ಸೊನ್ನೆ. ಹಾಗೆ ಮಾಡಬೇಕಾದರೆ ಮಾರ್ಚ್ ಎರಡನೆಯ ವಾರ ಚಿಯಾಂಗ್ ಮಾಯ್ ತಲುಪಿ, ತಿಂಗಳ ಮೂರನೆಯ ವಾರದೊಳಗೆ ಖಾತೆ ತೆರೆದಿರಬೇಕು. ಏಪ್ರಿಲ್‌ನ ಎರಡನೆಯ ಕಂತು ಹಬ್ಬದ ರಜೆಗೆ ಸಿಕ್ಕಿಕೊಳ್ಳದಂತೆ ಮೊದಲ ನಾಲ್ಕೈದು ದಿನದಲ್ಲೇ ಕಳಿಸಿ. ದರದಲ್ಲೂ ಕಣ್ಣಿಡಿ. ಬ್ಯಾಂಕಿನ ಮಾರಾಟ ದರ ಮೊಬೈಲಿನಲ್ಲಿ ಕಾಣುವ ದರಕ್ಕಿಂತ ಶೇಕಡಾ ಒಂದೆರಡು ಹೆಚ್ಚಿರುವುದು ಸಾಮಾನ್ಯ, 22 ಲಕ್ಷಕ್ಕೆ ಅದೇ 20ರಿಂದ 40 ಸಾವಿರ. ಎರಡು ಬ್ಯಾಂಕುಗಳಲ್ಲಿ ಲಿಖಿತ ದರ ಕೇಳಿ, ಚೌಕಾಶಿ ಮಾಡಿ. ದೊಡ್ಡ ಮೊತ್ತಕ್ಕೆ ಶಾಖಾ ವ್ಯವಸ್ಥಾಪಕರು ದರ ಇಳಿಸಿಕೊಡುತ್ತಾರೆ. ಹಣ ಸೇರಿದ ಮೇಲೆ ‘ಇದು ವಿದೇಶದಿಂದ ಬಂದದ್ದು’ ಎಂಬ ಪತ್ರವನ್ನು ಥಾಯ್ ಬ್ಯಾಂಕಿನಿಂದ ಆಗಲೇ ತೆಗೆದಿಟ್ಟುಕೊಳ್ಳಿ.

ತೆರಿಗೆಯ ವಿಷಯಕ್ಕೆ ಬರುತ್ತೇನೆ. ಇದನ್ನು ಗಮನಿಸದೆ ಹೋಗುವವರು ಬಹಳ. ಹೊಸ ತೆರಿಗೆ ಪದ್ಧತಿಯಲ್ಲಿ 12 ಲಕ್ಷದವರೆಗೆ ತೆರಿಗೆ ಇಲ್ಲ ಎನ್ನುವುದು ಸ್ಲ್ಯಾಬಿನಿಂದ (ಆದಾಯದ ಹಂತವಾರು ದರದಿಂದ) ಬಂದದ್ದಲ್ಲ, ರಿಬೇಟಿನಿಂದ (ಲೆಕ್ಕ ಹಾಕಿದ ತೆರಿಗೆಯಲ್ಲಿ ಕೊಡುವ ರಿಯಾಯಿತಿಯಿಂದ) ಬಂದದ್ದು. ಆ ರಿಬೇಟ್ ನಿವಾಸಿಗಳಿಗೆ ಮಾತ್ರ. ತಿಂಗಳಿಗೆ 60,000 ರೂ. ಪಿಂಚಣಿ ಎಂದರೆ ವರ್ಷಕ್ಕೆ 7.2 ಲಕ್ಷ. 75,000 ಸ್ಟ್ಯಾಂಡರ್ಡ್ ಡಿಡಕ್ಷನ್ ಕಳೆದರೆ 6.45 ಲಕ್ಷ. ಇಲ್ಲಿದ್ದರೆ ತೆರಿಗೆ ಸೊನ್ನೆ. ಅನಿವಾಸಿಯಾದರೆ 4 ಲಕ್ಷದ ಮೇಲಿನ 2.45 ಲಕ್ಷಕ್ಕೆ 5%, ಮೇಲೆ 4% ಸೆಸ್, ಒಟ್ಟು 12,740 ರೂ. ಪಿಂಚಣಿ 75,000 ಇದ್ದರೆ ತೆರಿಗೆ 23,400 ರೂ. ದೊಡ್ಡ ಮೊತ್ತವಲ್ಲ, ಆದರೆ ಇದರ ಜೊತೆಗೆ ಬಡ್ಡಿಯಲ್ಲಿ ಮೊದಲೇ ಹಿಡಿದುಕೊಳ್ಳುವ ತೆರಿಗೆಯೂ ಸೇರುತ್ತದೆ. ಅನಿವಾಸಿಯಾದವರ ಉಳಿತಾಯ ಖಾತೆಯನ್ನು ಎನ್‌ಆರ್‌ಓ (ಅನಿವಾಸಿಗಳ ರೂಪಾಯಿ ಖಾತೆ) ಮಾಡಿಸಬೇಕು. ಆ ಖಾತೆಯ ಬಡ್ಡಿಗೆ ಮೊದಲ ರೂಪಾಯಿಯಿಂದಲೇ 30% ಮತ್ತು ಸೆಸ್ ಹಿಡಿಯುತ್ತಾರೆ. ರಿಟರ್ನ್ ಹಾಕಿದರೆ ಹೆಚ್ಚುವರಿ ಹಣ ವಾಪಸ್ ಬರುತ್ತದೆ, ಹಾಕದಿದ್ದರೆ ಹೋದದ್ದು ಹೋಯಿತು. ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ ಅನಿವಾಸಿಗಳು ಹೊಸ ಖಾತೆ ತೆರೆಯುವಂತಿಲ್ಲ.

ಹೊರಟ ವರ್ಷವೇ ಅನಿವಾಸಿ ಆಗಿಬಿಡುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಕೆಲಸಕ್ಕೆಂದು ಹೋಗುವವರಿಗೆ 182 ದಿನದ ನಿಯಮವಿದೆ (ಆ ವರ್ಷ ಅಷ್ಟು ದಿನ ಇಲ್ಲಿದ್ದರೆ ಮಾತ್ರ ನಿವಾಸಿ), ನಿವೃತ್ತರಿಗೆ ಹೊರಡುವ ವರ್ಷ ಆ ಸವಲತ್ತಿಲ್ಲ. ಆ ಹಣಕಾಸು ವರ್ಷದಲ್ಲಿ 60 ದಿನ ಇಲ್ಲಿದ್ದು, ಹಿಂದಿನ ನಾಲ್ಕು ವರ್ಷಗಳಲ್ಲಿ ಒಟ್ಟು 365 ದಿನ ಇದ್ದರೆ ಆ ವರ್ಷಕ್ಕೆ ನಿವಾಸಿಯೇ. ಆಗ ಥಾಯ್ ಖಾತೆಯನ್ನು ರಿಟರ್ನ್‌ನ ವಿದೇಶಿ ಆಸ್ತಿ ಪಟ್ಟಿಯಲ್ಲಿ ತೋರಿಸಬೇಕು. ಪಿಂಚಣಿದಾರರು ರೂಢಿಯಂತೆ ಹಾಕುವ ಐಟಿಆರ್-1ರಲ್ಲಿ ಆ ಪಟ್ಟಿಯೇ ಇಲ್ಲ, ಐಟಿಆರ್-2 ಹಾಕಬೇಕು. ವಿದೇಶಿ ಖಾತೆ ಮುಚ್ಚಿಟ್ಟರೆ ಕಪ್ಪುಹಣ ಕಾಯ್ದೆಯ ದಂಡ 10 ಲಕ್ಷ ರೂ. ವರ್ಷಾನುಗಟ್ಟಲೆ ನಿಯತ್ತಾಗಿ ತೆರಿಗೆ ಕಟ್ಟಿದವರು ಒಂದು ನಮೂನೆಯ ಆಯ್ಕೆಯಲ್ಲಿ ಸಿಕ್ಕಿಬೀಳಬಾರದು.

ಥಾಯ್ಲೆಂಡಿನ ಕಡೆಯ ತೆರಿಗೆ ಅಷ್ಟು ಹೆದರಿಸುವುದಿಲ್ಲ. ವರ್ಷಕ್ಕೆ 180 ದಿನ ಅಲ್ಲಿದ್ದರೆ ಅಲ್ಲಿನ ತೆರಿಗೆ ನಿವಾಸಿ. 2024ರ ಜನವರಿ 1ರಿಂದ ಹೊರಗಿನಿಂದ ತರಿಸಿಕೊಂಡ ಆದಾಯಕ್ಕೂ ತೆರಿಗೆ ಅನ್ವಯಿಸುತ್ತದೆ. 60,000 ರೂ. ಪಿಂಚಣಿ ಪೂರ್ತಿ ತರಿಸಿದರೂ ವರ್ಷಕ್ಕೆ ಸುಮಾರು 2.57 ಲಕ್ಷ ಬಾತ್. ಅದರಲ್ಲಿ ವೆಚ್ಚದ ಕಡಿತ 1 ಲಕ್ಷ, ವೈಯಕ್ತಿಕ ಕಡಿತ 60,000. ಉಳಿದ 97,000 ಬಾತ್ ಮೊದಲ 1.5 ಲಕ್ಷದ ಸೊನ್ನೆ ಸ್ಲ್ಯಾಬಿನೊಳಗೇ ಬರುತ್ತದೆ. 65 ದಾಟಿದವರಿಗೆ ಇನ್ನೂ 1.9 ಲಕ್ಷದ ವಿನಾಯಿತಿ ಇದೆ. ಎರಡು ದೇಶಗಳ ನಡುವೆ ದ್ವಿತೆರಿಗೆ ತಡೆ ಒಪ್ಪಂದವೂ ಇದೆ. ಒಂದೇ ಮುನ್ನೆಚ್ಚರಿಕೆ: 8 ಲಕ್ಷ ಬಾತ್ ನಿಮ್ಮ ಹಳೆಯ ಉಳಿತಾಯ, ಆದಾಯವಲ್ಲ ಎಂದು ತೋರಿಸಲು 2023ರ ಡಿಸೆಂಬರ್ 31ರ ದಿನಾಂಕದ ಬ್ಯಾಂಕ್ ಮತ್ತು ಠೇವಣಿ ವಿವರಗಳನ್ನು ತೆಗೆದಿಡಿ. ಆ ದಿನಕ್ಕೆ ಮುಂಚೆ ಗಳಿಸಿದ ಹಣಕ್ಕೆ ಈ ಹೊಸ ನಿಯಮ ತಗಲುವುದಿಲ್ಲ.

ಇನ್ನು ತಿಂಗಳ ಖರ್ಚು. ನಿಮ್ಮಾನ್ ರಸ್ತೆಯ ಸುತ್ತ ಬಾಡಿಗೆ ಹೆಚ್ಚು. ಅಲ್ಲಿಂದ ನಾಲ್ಕೈದು ಕಿಲೋಮೀಟರ್ ಆಚೆ, ಒಂದು ಕೋಣೆಯ ಸಾಮಾನು ಸಹಿತ ಮನೆಯನ್ನು ವರ್ಷದ ಕರಾರಿಗೆ 9,000 ಬಾತ್ ಎಂದು ಹಿಡಿಯಿರಿ, ಮೇಲೆ ಎರಡು ತಿಂಗಳ ಮುಂಗಡ. ಕರೆಂಟಿನ ವಿಷಯದಲ್ಲಿ ಕರಾರನ್ನು ಓದಿ. ಪ್ರಾಂತೀಯ ವಿದ್ಯುತ್ ಸಂಸ್ಥೆಗೆ ನೇರ ಬಿಲ್ ಕಟ್ಟುವ ಕಾಂಡೊದಲ್ಲಿ ಯೂನಿಟ್ಟಿಗೆ 4ರಿಂದ 5 ಬಾತ್ ಆದರೆ, ಅಪಾರ್ಟ್‌ಮೆಂಟ್ ಮಾಲೀಕರು 7-8 ಬಾತ್ ಹಾಕುವುದುಂಟು. ಬಾಡಿಗೆ 500 ಬಾತ್ ಕಡಿಮೆ ಎಂದು ಖುಷಿಯಾಗಿ, ಏಪ್ರಿಲ್‌ನಲ್ಲಿ ಎಸಿ ಹಾಕಿದಾಗ ಅದರ ಎರಡರಷ್ಟು ಕಳೆದುಕೊಳ್ಳುವುದು ಹೀಗೆಯೇ.

ಅಡುಗೆ ಮನೆಯಲ್ಲಿ ಮಾಡಿಕೊಂಡರೆ ಇಬ್ಬರಿಗೆ 6,000 ಬಾತ್ ಸಾಕು. ಮುವಾಂಗ್ ಮಾಯ್ ಸಗಟು ಮಾರುಕಟ್ಟೆಯಲ್ಲಿ ಬೆಳಿಗ್ಗೆ ಬೇಗ ಹೋದರೆ ತರಕಾರಿ, ತೆಂಗಿನಕಾಯಿ, ಬಾಳೆಹಣ್ಣು, ಹುಣಸೆ ಎಲ್ಲ ಅಗ್ಗ. ದುಬಾರಿಯಾಗುವುದು ತೊಗರಿಬೇಳೆ, ಉದ್ದಿನಬೇಳೆ, ಅವಲಕ್ಕಿ, ಗೋಧಿಹಿಟ್ಟು. ಇವು ಭಾರತೀಯ ಅಂಗಡಿಗಳಲ್ಲೇ ಸಿಗಬೇಕು, ಬೆಲೆ ಇಲ್ಲಿನದಕ್ಕಿಂತ ಎರಡರಷ್ಟು ಎಂದುಕೊಳ್ಳಿ. ಹೆಸರುಬೇಳೆ ಮಾತ್ರ ಅಲ್ಲಿನವರೇ ಸಿಹಿತಿಂಡಿಗೆ ಬಳಸುವುದರಿಂದ ಎಲ್ಲ ಕಡೆ ಸಿಗುತ್ತದೆ, ಸಾರಿಗೆ ಅದನ್ನೇ ರೂಢಿಸಿಕೊಂಡರೆ ಉಳಿತಾಯ. ಸಸ್ಯಾಹಾರಿಗಳು ಹೊರಗೆ ತಿನ್ನುವಾಗ ಮೀನಿನ ಸಾಸ್ ಬಗ್ಗೆ ಎಚ್ಚರ, ಬರೀ ತರಕಾರಿ ಪಲ್ಯಕ್ಕೂ ಅದನ್ನು ಹಾಕುತ್ತಾರೆ. ಹಳದಿ ಬಾವುಟದ ಮೇಲೆ ಕೆಂಪಕ್ಷರದಲ್ಲಿ ‘ಜೇ’ ಎಂದು ಬರೆದ ಅಂಗಡಿಗಳಲ್ಲಿ ಮಾಂಸ, ಮೀನು, ಮೊಟ್ಟೆ, ಈರುಳ್ಳಿ, ಬೆಳ್ಳುಳ್ಳಿ ಯಾವುದೂ ಇರುವುದಿಲ್ಲ, ಒಂದು ತಟ್ಟೆ 40-60 ಬಾತ್.

ಇಬ್ಬರ ಲೆಕ್ಕವನ್ನು ಒಟ್ಟಿಗೆ ಬರೆದರೆ ಹೀಗಾಗುತ್ತದೆ: ಬಾಡಿಗೆ 9,000, ಕರೆಂಟು ವರ್ಷದ ಸರಾಸರಿ 1,500, ನೀರು 150, ಇಂಟರ್ನೆಟ್ ಮತ್ತು ಎರಡು ಸಿಮ್ 1,000, ದಿನಸಿ ತರಕಾರಿ 6,000, ಹೊರಗಿನ ಊಟ 2,000, ಓಡಾಟ 1,800, ಮನೆಸಾಮಾನು 1,000, ಔಷಧಿ ಮತ್ತು ಡಾಕ್ಟರು 1,500, ವೀಸಾ ಕೆಲಸಗಳು 600, ವರ್ಷಕ್ಕೊಂದು ಊರಿನ ಪ್ರಯಾಣಕ್ಕೆ 1,700. ಒಟ್ಟು 26,250 ಬಾತ್, 73,500 ರೂ. ಇದಕ್ಕೆ ಠೇವಣಿಯ 15,300, ತೆರಿಗೆಯ ಸುಮಾರು 2,000 ಸೇರಿಸಿದರೆ 90,800 ರೂ. ವಿಮೆ ಇದರಲ್ಲಿ ಸೇರಿಲ್ಲ. ಒಬ್ಬರೇ ಇದ್ದರೆ ಖರ್ಚು ಅರ್ಧವಾಗುವುದಿಲ್ಲ. ಸುಮಾರು 17,750 ಬಾತ್, ಅಂದರೆ 49,700 ರೂ., ಠೇವಣಿ ಸೇರಿ 65,000.

ಹಾಗಾಗಿ ತಿಂಗಳಿಗೆ 60,000 ಪಿಂಚಣಿಯ ದಂಪತಿಗೆ ಪೂರ್ಣ ವಾಸದ ಲೆಕ್ಕ ಕೂಡುವುದಿಲ್ಲ. ಊರಿನ ಮನೆಯ ಬಾಡಿಗೆ 31 ಸಾವಿರದಷ್ಟು ಬರುವಂತಿದ್ದರೆ ಮಾತ್ರ ಸರಿದೂಗುತ್ತದೆ. ಒಬ್ಬರೇ ಇರುವವರಿಗೆ 70,000 ಇದ್ದರೆ ನಡೆಯುತ್ತದೆ.

ಹೀಗೆ ಇಂದು ಸರಿದೂಗಿದ್ದು ಹತ್ತು ವರ್ಷದ ಮೇಲೂ ಸರಿದೂಗಬೇಕಲ್ಲ. 2015ರ ಸುಮಾರಿಗೆ ಒಂದು ಬಾತ್ 1.90 ರೂ. ಆಸುಪಾಸಿನಲ್ಲಿತ್ತು, ಈಗ ನಾನು ಹಿಡಿದಿರುವುದು 2.80. ಅಂದರೆ ವರ್ಷಕ್ಕೆ ಸುಮಾರು 4% ಏರಿಕೆ. ಥಾಯ್ಲೆಂಡಿನಲ್ಲಿ ಬೆಲೆ ಒಂದು ಪೈಸೆ ಏರದಿದ್ದರೂ ನಿಮ್ಮ ಖರ್ಚು ರೂಪಾಯಿಯಲ್ಲಿ ಏರುತ್ತಲೇ ಇರುತ್ತದೆ. ಸರ್ಕಾರಿ ಪಿಂಚಣಿದಾರರಿಗೆ ತುಟ್ಟಿಭತ್ಯೆ ಇದೆ. ಕೇಂದ್ರದ ಪಿಂಚಣಿದಾರರಿಗೆ ಅದು 2016ರ ಸೊನ್ನೆಯಿಂದ 2025ರ ಜುಲೈಗೆ 58%ಕ್ಕೆ ಬಂತು, ವಿನಿಮಯದ ಏಟನ್ನು ಬಹುಪಾಲು ತಡೆಯಿತು. ಎಲ್‌ಐಸಿ ವರ್ಷಾಶನ, ಎನ್‌ಪಿಎಸ್ ವರ್ಷಾಶನ, ಇಪಿಎಸ್ ಪಿಂಚಣಿ ನಂಬಿದವರಿಗೆ ಆ ರಕ್ಷಣೆ ಇಲ್ಲ. ಇಂದಿನ 60,000 ಹತ್ತು ವರ್ಷದ ನಂತರವೂ 60,000. ಅಂಥವರು ಪೂರ್ಣ ವಾಸಕ್ಕೆ ಹೋಗಲೇಬಾರದು ಎಂದು ಹೇಳಲು ನನಗೆ ಹಿಂಜರಿಕೆ ಇಲ್ಲ.

ಆರೋಗ್ಯದ ಬಗ್ಗೆ ಎರಡು ಮಾತು. ಕೇಂದ್ರ ಸರ್ಕಾರದ ನೌಕರರಿಗೆ, ಪಿಂಚಣಿದಾರರಿಗೆ ಇರುವ ಸಿಜಿಎಚ್‌ಎಸ್ ಚಿಕಿತ್ಸಾ ಸೌಲಭ್ಯ ಅಲ್ಲಿ ನಡೆಯುವುದಿಲ್ಲ. ಚಿಯಾಂಗ್ ಮಾಯ್ ವಿಶ್ವವಿದ್ಯಾಲಯದ ಮಹಾರಾಜ್ ಆಸ್ಪತ್ರೆ (ಊರವರ ಬಾಯಲ್ಲಿ ಸುವಾನ್ ದೋಕ್) ಒಳ್ಳೆಯದು, ಖಾಸಗಿಗಿಂತ ಅಗ್ಗ, ಆದರೆ ಕಾಯಬೇಕು. ಸಣ್ಣಪುಟ್ಟದ್ದಕ್ಕೆ ಅಲ್ಲೇ ತೋರಿಸಿ, ದೊಡ್ಡ ಚಿಕಿತ್ಸೆಗೆ ಊರಿಗೆ ಬರುವ ಲೆಕ್ಕ ಇಟ್ಟುಕೊಳ್ಳುವುದೇ ಸಣ್ಣ ಪಿಂಚಣಿಗೆ ಒಪ್ಪುವ ದಾರಿ. ಅದಕ್ಕಾಗಿ ಇಲ್ಲಿನ ಆರೋಗ್ಯ ವಿಮೆಯನ್ನು ಯಾವ ಕಾರಣಕ್ಕೂ ನಿಲ್ಲಿಸಬೇಡಿ. ಒಮ್ಮೆ ಬಿಟ್ಟರೆ ಹಳೆಯ ಕಾಯಿಲೆಗಳಿಗೆ ಕಾಯುವ ಅವಧಿ ಮತ್ತೆ ಶುರು, ಅದು ಮೂರು ವರ್ಷದವರೆಗೂ ಇರಬಹುದು. ತುರ್ತಿಗೆ ಅಲ್ಲಿನ ಖಾತೆಯಲ್ಲಿ, ವೀಸಾ ಠೇವಣಿಗೆ ಸೇರದ ಹಾಗೆ, ಬೇರೆಯಾಗಿ 2 ಲಕ್ಷ ಬಾತ್ ಇರಲಿ. ಠೇವಣಿಯ ಹಣ ಮುಟ್ಟಿದರೆ ಕಾಯಿಲೆಯ ಜೊತೆ ವೀಸಾವೂ ಹೋಗುತ್ತದೆ. ಇನ್ನೊಂದು, ಫೆಬ್ರುವರಿ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಉತ್ತರ ಥಾಯ್ಲೆಂಡಿನಲ್ಲಿ ಗದ್ದೆ, ಕಾಡು ಸುಡುವ ಹೊಗೆ ಕಣಿವೆಯಲ್ಲಿ ಕಟ್ಟಿಕೊಳ್ಳುತ್ತದೆ. ಆಸ್ತಮಾ, ಹೃದಯದ ತೊಂದರೆ ಇರುವವರು ಆ ಆರೇಳು ವಾರ ಅಲ್ಲಿ ಇರುವಂತಿಲ್ಲ. ವರ್ಷದ ಊರಿನ ಪ್ರಯಾಣವನ್ನು ಅದೇ ಸಮಯಕ್ಕೆ ಇಟ್ಟುಕೊಳ್ಳಿ. ಠೇವಣಿ ಕಟ್ಟುವ ಮೊದಲ ವರ್ಷ ಮಾತ್ರ ಈ ಹೊಗೆ ಮತ್ತು ಮಾರ್ಚ್-ಏಪ್ರಿಲ್ ರವಾನೆ ಒಟ್ಟಿಗೆ ಬರುತ್ತವೆ. ಮನೆಗೆ ಗಾಳಿ ಶುದ್ಧೀಕರಿಸುವ ಯಂತ್ರ ತೆಗೆದುಕೊಳ್ಳದೆ ಆ ವರ್ಷ ಹೋಗಬೇಡಿ.

ಕಾಗದಪತ್ರಗಳಲ್ಲಿ ನಮ್ಮ ಕಡೆಯವರಿಗೇ ವಿಶೇಷವಾದ ಎರಡು ತೊಡಕುಗಳಿವೆ. ಮೊದಲನೆಯದು ಇನಿಷಿಯಲ್. ಪಿಂಚಣಿ ಆದೇಶದಲ್ಲಿ ಎರಡು ಇನಿಷಿಯಲ್ ಮತ್ತು ಹೆಸರು, ಆಧಾರ್‌ನಲ್ಲಿ ಬರೀ ಹೆಸರು, ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರು ಬಿಡಿಸಿ ಬರೆದದ್ದು. ಮೂರೂ ಒಬ್ಬರವೇ ಎಂದು ಇಲ್ಲಿನ ಶಾಖೆಯವರಿಗೆ ಗೊತ್ತು, ವಿದೇಶಿ ಬ್ಯಾಂಕಿನವರಿಗೆ ಗೊತ್ತಿರುವುದಿಲ್ಲ, ಹಣ ವಾಪಸ್ ಬರುತ್ತದೆ. ಹೊರಡುವ ಆರು ತಿಂಗಳ ಮುಂಚೆ ಬ್ಯಾಂಕ್ ಖಾತೆ, ಪ್ಯಾನ್, ಆಧಾರ್ ಎಲ್ಲವನ್ನೂ ಪಾಸ್‌ಪೋರ್ಟಿನ ಹೆಸರಿಗೆ ತನ್ನಿ. ಎರಡನೆಯದು ಮದುವೆ ಪ್ರಮಾಣಪತ್ರ. ನಿಮ್ಮ ವಿಸ್ತರಣೆಯ ಮೇಲೆ ಪತ್ನಿ ಅಥವಾ ಪತಿ ಅವಲಂಬಿತರಾಗಿ ಉಳಿಯಬಹುದು, ಇನ್ನೊಂದು 8 ಲಕ್ಷ ಬೇಕಿಲ್ಲ. ಆದರೆ ನೋಂದಣಿಯಾದ ಮದುವೆ ಪತ್ರ ಬೇಕೇ ಬೇಕು. ಎಪ್ಪತ್ತು, ಎಂಬತ್ತರ ದಶಕದಲ್ಲಿ ಮದುವೆಯಾದ ಬಹುಪಾಲು ದಂಪತಿಗಳ ಬಳಿ ಲಗ್ನಪತ್ರಿಕೆ ಇದೆ, ಪ್ರಮಾಣಪತ್ರ ಇಲ್ಲ. ಉಪನೋಂದಣಾಧಿಕಾರಿ ಕಚೇರಿಯಲ್ಲಿ ಈಗಲೂ ನೋಂದಾಯಿಸಬಹುದು. ಅದರ ದೃಢೀಕರಣ, ಥಾಯ್ ಅನುವಾದ ಎಲ್ಲ ಸೇರಿ ಎರಡು ತಿಂಗಳಾದರೂ ಇಟ್ಟುಕೊಳ್ಳಿ.

ನವೆಂಬರ್‌ನ ಜೀವಿತ ಪ್ರಮಾಣಪತ್ರಕ್ಕೆ ಈಗ ಊರಿಗೆ ಬರಬೇಕಿಲ್ಲ, ಮೊಬೈಲಿನಲ್ಲಿ ಮುಖ ತೋರಿಸಿ ಜೀವನ್ ಪ್ರಮಾಣ್ ಮಾಡಬಹುದು. ಆಧಾರ್‌ಗೆ ಜೋಡಿಸಿದ ಭಾರತದ ಸಿಮ್ ಚಾಲ್ತಿಯಲ್ಲಿಡಿ, ಒಟಿಪಿ ಬಾರದೆ ಅರ್ಧ ಕೆಲಸಗಳು ನಿಲ್ಲುತ್ತವೆ. ಆಗದಿದ್ದರೆ ಚಿಯಾಂಗ್ ಮಾಯ್‌ನಲ್ಲಿಯೇ ಭಾರತದ ಕಾನ್ಸುಲೇಟ್ ಇದೆ. ತಿಂಗಳ ಖರ್ಚಿನ ಹಣಕ್ಕೆ ಎಟಿಎಂ ನೆಚ್ಚಬೇಡಿ. ಭಾರತದ ಕಾರ್ಡಿಗೆ ಅಲ್ಲಿನ ಎಟಿಎಂ ಪ್ರತಿ ಸಲ ಶುಲ್ಕ ಹಿಡಿಯುತ್ತದೆ, ಇಲ್ಲಿನ ಬ್ಯಾಂಕ್ 3.5% ಹಾಕಿದರೆ 20,000 ಬಾತ್‌ಗೆ ಇನ್ನೂ 700 ಬಾತ್ ಸೋರಿಕೆ. ಮೂರು ತಿಂಗಳಿಗೊಮ್ಮೆ ಎನ್‌ಆರ್‌ಓ ಖಾತೆಯಿಂದ ಒಟ್ಟಿಗೆ ಕಳಿಸಿ. ಪಿಂಚಣಿ ಚಾಲ್ತಿ ಆದಾಯವಾದ್ದರಿಂದ ತೆರಿಗೆ ಕಟ್ಟಿದ ಪುರಾವೆಯೊಂದಿಗೆ ಕಳಿಸಲು ಅಡ್ಡಿಯಿಲ್ಲ, ಎನ್‌ಆರ್‌ಓ ರವಾನೆಗೆ ಟಿಸಿಎಸ್ ಕೂಡ ಇಲ್ಲ. ಥಾಯ್ ಬ್ಯಾಂಕ್ ಖಾತೆಗೆ ನಮ್ಮಲ್ಲಿಯ ಹಾಗೆ ನಾಮನಿರ್ದೇಶನ ಇಲ್ಲ. ಖಾತೆದಾರರು ತೀರಿಕೊಂಡರೆ ಆ 8 ಲಕ್ಷ ಬಾತ್ ಅಲ್ಲಿನ ನ್ಯಾಯಾಲಯದ ಆದೇಶವಿಲ್ಲದೆ ಕುಟುಂಬಕ್ಕೆ ಸಿಗುವುದಿಲ್ಲ. ಮೊದಲ ವರ್ಷವೇ ಥಾಯ್ ಭಾಷೆಯಲ್ಲಿ ಒಂದು ವಿಲ್ ಮಾಡಿಸಿ, ಅದು ಎಲ್ಲಿದೆ ಎಂದು ಮನೆಯವರಿಗೆ ಹೇಳಿಡಿ.

ಲೆಕ್ಕ ಕೂಡದ ದಂಪತಿಗಳಿಗೆ ನಾನು ಸೂಚಿಸುವುದು ಮೂರು ತಿಂಗಳ ವಾಸ. 60 ದಿನದ ಪ್ರವಾಸಿ ವೀಸಾ ಪಡೆದು, ಅಲ್ಲಿ ತಲಾ 1,900 ಬಾತ್ ಕಟ್ಟಿ 30 ದಿನ ವಿಸ್ತರಿಸಿಕೊಂಡರೆ 90 ದಿನ. ನವೆಂಬರ್‌ನಿಂದ ಜನವರಿ ಕೊನೆಯವರೆಗೆ ಅಲ್ಲಿ ಹಿತವಾದ ಚಳಿ, ಹೊಗೆ ಇನ್ನೂ ಶುರುವಾಗಿರುವುದಿಲ್ಲ. 8 ಲಕ್ಷದ ಠೇವಣಿ ಬೇಡ, ಎನ್‌ಆರ್‌ಓ ಬೇಡ, ರಿಬೇಟ್ ಕಳೆದುಹೋಗುವುದಿಲ್ಲ, ಥಾಯ್ ತೆರಿಗೆಯ 180 ದಿನವೂ ಆಗುವುದಿಲ್ಲ. ಅಲ್ಪಾವಧಿ ಬಾಡಿಗೆ ಹೆಚ್ಚಾದ್ದರಿಂದ 12,000 ಹಿಡಿದರೂ ತಿಂಗಳ ಖರ್ಚು 25,500 ಬಾತ್, ಮೂರು ತಿಂಗಳಿಗೆ 2.14 ಲಕ್ಷ ರೂ. ಇಬ್ಬರ ವಿಮಾನ 60,000, ವಿಸ್ತರಣೆ, ವೀಸಾ ಮತ್ತು ಹಿರಿಯರ ಪ್ರವಾಸ ವಿಮೆ ಸೇರಿ ಇನ್ನೊಂದು 45,000. ಒಟ್ಟು 3.2 ಲಕ್ಷದ ಒಳಗೆ ಮುಗಿಯುತ್ತದೆ. ವರ್ಷದ 7.2 ಲಕ್ಷದಲ್ಲಿ ಉಳಿದ 4 ಲಕ್ಷ ಊರಿನ ಒಂಬತ್ತು ತಿಂಗಳಿಗೆ, ತಿಂಗಳಿಗೆ 44,000. ಸ್ವಂತ ಮನೆ ಇರುವವರಿಗೆ ಅದು ಸಾಕು. ಚಳಿಗಾಲದಲ್ಲಿ ಯುರೋಪಿನವರೂ ಅಲ್ಲಿಗೇ ಬರುವುದರಿಂದ ಒಳ್ಳೆಯ ಮನೆಗಳು ಬೇಗ ಹೋಗುತ್ತವೆ. ಆಗಸ್ಟ್‌ನಲ್ಲೇ ಮಾತಾಡಿಕೊಂಡು, ಮೊದಲ ವಾರಕ್ಕೆ ಮಾತ್ರ ಮುಂಗಡ ಕಟ್ಟಿ, ಕಣ್ಣಾರೆ ನೋಡಿ, ಕರೆಂಟಿನ ಯೂನಿಟ್ ದರವನ್ನು ಕರಾರಿನಲ್ಲಿ ಬರೆಸಿಕೊಂಡ ಮೇಲೆ ಉಳಿದದ್ದನ್ನು ಕೊಡಿ.